ಧೂಳು ಕುಡಿಯುವ ಯಂತ್ರ ಮತ್ತು ಎಂಟು ಸಾವಿರ ರೂಪಾಯಿ

ಕಳೆದ ಯುಗಾದಿಯ ಮರುದಿನ ತಂಗಿಯ ಮಗ ಮಂಜ ಬೆಂಗಳೂರಿನಿಂದ ಫೋನ್ ಮಾಡಿದ. "ಮಾವ, ಕಾರು ಒಳಗೆ ಕ್ಲೀನ್ ಮಾಡೋಕೆ ಒಂದು ವ್ಯಾಕ್ಯೂಮ್ ತಗೋಬೇಕು. ಯಾವ್ದು ತಗೊಳ್ಳಿ ಹೇಳಿ" ಎಂದ. ನಾನು ಮೂವತ್ತು ವರ್ಷ ತುಮಕೂರಿನಲ್ಲಿ ಪಿಯು ಹುಡುಗರಿಗೆ ಇತಿಹಾಸ ಪಾಠ ಹೇಳಿದವನು. ಪಾಣಿಪತ್ ಕದನದ ವರ್ಷ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ವ್ಯಾಕ್ಯೂಮ್ ಕ್ಲೀನರ್ ವಿಷಯದಲ್ಲಿ ನನ್ನ ಜ್ಞಾನ ಸೊನ್ನೆ. ಆದರೆ ನಮ್ಮ ಮನೆಗಳಲ್ಲಿ ಮೇಷ್ಟ್ರು ಎಂದರೆ ಎಲ್ಲ ಗೊತ್ತಿರುವವನು ಎಂಬ ಭಾವನೆ ಇನ್ನೂ ಉಳಿದಿದೆ. ಅದನ್ನು ಕೆಡಿಸುವ ಮನಸ್ಸಾಗಲಿಲ್ಲ. "ಒಂದು ವಾರ ಟೈಮ್ ಕೊಡೋ, ಓದ್ಕೊಂಡು ಹೇಳ್ತೀನಿ" ಎಂದೆ.

ಮಂಜ ಐದು ವರ್ಷ ಟ್ಯಾಕ್ಸಿ ಓಡಿಸಿದ್ದ. ಕಂತು ಕಟ್ಟಲಾಗದೆ ಕಾರು ಸಾಲ ಕೊಟ್ಟವರ ಕೈಗೆ ಹೋಯಿತು. ಈಗ ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಮನೆಯವರು ತಮ್ಮ ಕಾರು ತೊಳೆಯಲು ಒಪ್ಪಿಕೊಂಡಿದ್ದರು. ಹೊರಗೆ ತೊಳೆಯುವುದಕ್ಕೆ ಒಂದು ರೇಟು, ಒಳಗಿನ ಧೂಳು ತೆಗೆದರೆ ಇನ್ನೊಂದು ರೇಟು. ಆ ಇನ್ನೊಂದು ರೇಟಿನಲ್ಲೇ ಅವನ ಬದುಕು ನಿಂತಿತ್ತು. ಬಂಡವಾಳ ಎಂಟು ಸಾವಿರ ರೂಪಾಯಿ. ಅದನ್ನು ತಂಗಿ ತನ್ನ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕೊಟ್ಟಿದ್ದಳು. ವಾರ ವಾರ ಕಟ್ಟಬೇಕು. ಯಂತ್ರ ಕೆಟ್ಟದ್ದು ಬಂದರೆ ಇನ್ನೊಂದು ಕೊಳ್ಳುವ ಮಾತಿಲ್ಲ. "ಅಣ್ಣ, ನೀನು ಹೇಳಿದ್ದನ್ನೇ ತಗೋತಾನಂತೆ, ನೋಡಿ ಹೇಳು" ಎಂದು ಅವಳೂ ಸಂಜೆ ಫೋನ್ ಮಾಡಿದಳು. ಆ ಧ್ವನಿಯಲ್ಲಿದ್ದ ಭಾರ ನನಗೆ ತಿಳಿಯಿತು.

ನನಗೆ ಗೊತ್ತಿರುವ ದಾರಿ ಒಂದೇ. ಯಾವುದೇ ವಸ್ತು ಅರ್ಥವಾಗಬೇಕಾದರೆ ಅದು ಎಲ್ಲಿಂದ ಬಂತು ಎಂದು ನೋಡುವುದು. ಹಾಗಾಗಿ ಬೆಲೆಪಟ್ಟಿಗಿಂತ ಮೊದಲು ಚರಿತ್ರೆ ಹಿಡಿದು ಕೂತೆ. ಕೂತ ಮೇಲೆ ಮೊದಲು ನೆನಪಾದದ್ದು ಲಂಡನ್ನೂ ಅಲ್ಲ, ಅಮೆರಿಕವೂ ಅಲ್ಲ. ಅಪ್ಪ.

ಕನ್ನಡದಲ್ಲಿ 'ಕ್ಲೀನರ್' ಎಂದರೆ ಯಂತ್ರವಲ್ಲ, ಮನುಷ್ಯ. ಲಾರಿಯ ಎಡಗಡೆ ಬಾಗಿಲಿಗೆ ಅಂಟಿಕೊಂಡು ನಿಂತು "ಬರ್ಲಿ ಬರ್ಲಿ ಬರ್ಲಿ, ಹೋಲ್ಡಾನ್" ಎಂದು ಕೂಗುವ ಹುಡುಗ. ಏರಿನಲ್ಲಿ ಗಾಡಿ ನಿಂತರೆ ಚಕ್ರಕ್ಕೆ ಕಲ್ಲು ಕೊಡುವವನು, ರೇಡಿಯೇಟರಿಗೆ ನೀರು ತರುವವನು, ಟಾರ್ಪಾಲಿನ ಹಗ್ಗ ಬಿಗಿಯುವವನು. ಇಂಗ್ಲಿಷಿನ ಆ ಪದ ನಮ್ಮ ಹೆದ್ದಾರಿಗಳಲ್ಲಿ ಒಂದು ವೃತ್ತಿಯ, ಒಂದು ವಯಸ್ಸಿನ, ಒಂದು ಬಡತನದ ಹೆಸರಾಯಿತು. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಶಿರಾದಲ್ಲಿ ಲಾರಿ ಹತ್ತಿದರು. ಚಳ್ಳಕೆರೆಯ ಶೇಂಗಾ ಹಿಂಡಿ, ಸಿಮೆಂಟು, ಹತ್ತಿ, ಮೆಣಸಿನಕಾಯಿ, ಯಾವ ಲೋಡು ಬಂದರೂ ಇಳಿಸಿದ ಮೇಲೆ ಲಾರಿಯ ಹಾಸು ಗುಡಿಸುವುದು ಕ್ಲೀನರನ ಕೆಲಸ. ಒಂದು ಕಡ್ಡಿಪೊರಕೆ, ಒಂದು ಗೋಣಿಚೀಲ. ಕ್ಯಾಬಿನ್ನಿನ ಒಳಗೆ ಗುಡಿಸುವಾಗ ಬಾಗಿಲೆರಡೂ ತೆಗೆದಿದ್ದರೂ ಧೂಳು ಹೊರಗೆ ಹೋಗುತ್ತಿರಲಿಲ್ಲವಂತೆ. ಮೇಲೆದ್ದು, ಸುತ್ತು ಹೊಡೆದು, ಮತ್ತೆ ಸೀಟಿನ ಮೇಲೇ ಕೂರುತ್ತಿತ್ತು. ಉಳಿದದ್ದು ಗುಡಿಸುವವನ ಎದೆಯೊಳಗೆ. ಅಪ್ಪ ಆಮೇಲೆ ಡ್ರೈವರ್ ಆದರು, ಸ್ವಂತ ಮನೆ ಕಟ್ಟಿದರು, ನನ್ನನ್ನು ಓದಿಸಿದರು. ಆದರೆ ಕೊನೆಯ ಹತ್ತು ವರ್ಷ ರಾತ್ರಿ ಮಲಗಿ ನಿದ್ದೆ ಮಾಡಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ, ಉಬ್ಬಸ. ಬೀಡಿಯದ್ದೂ ಪಾಲಿತ್ತು, ಧೂಳಿನದ್ದೂ ಪಾಲಿತ್ತು ಎಂದರು ಡಾಕ್ಟರು.

ಧೂಳನ್ನು ಎಬ್ಬಿಸುವುದು ಬೇರೆ, ತೆಗೆಯುವುದು ಬೇರೆ. ವ್ಯಾಕ್ಯೂಮ್ ಕ್ಲೀನರಿನ ಚರಿತ್ರೆ ಇರುವುದೇ ಈ ಒಂದು ವ್ಯತ್ಯಾಸದಲ್ಲಿ.

ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಜನ ಪೊರಕೆಗೆ ಬದಲಿ ಹುಡುಕುತ್ತಿದ್ದರು. 1860ರಲ್ಲಿ ಅಮೆರಿಕದ ಡೇನಿಯಲ್ ಹೆಸ್ ಎಂಬಾತ ತಿದಿ ಜೋಡಿಸಿದ ಜಮಖಾನೆ ಗುಡಿಸುವ ಪೆಟ್ಟಿಗೆಗೆ ಹಕ್ಕುಪತ್ರ ಪಡೆದ. 1869ರಲ್ಲಿ ಷಿಕಾಗೋದ ಐವ್ಸ್ ಮೆಗಾಫಿ ಕೈಯಿಂದ ತಿರುಗಿಸುವ ಒಂದು ಯಂತ್ರ ಮಾಡಿ ಅದಕ್ಕೆ 'ಸುಂಟರಗಾಳಿ' ಎಂಬರ್ಥದ ಹೆಸರಿಟ್ಟ. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ ಇನ್ನೊಂದರಲ್ಲಿ ಯಂತ್ರ ತಳ್ಳಬೇಕು. ಬಳಸಿದವರ ರಟ್ಟೆ ಬಿದ್ದುಹೋಗಿರಬೇಕು. ಶತಮಾನ ಮುಗಿಯುವ ಹೊತ್ತಿಗೆ ಮೋಟಾರು ಬಂದಿತ್ತು. ಆದರೆ ಮೋಟಾರು ಇಟ್ಟುಕೊಂಡವರೂ ಗಾಳಿಯನ್ನು ಊದುವ ದಾರಿಯನ್ನೇ ಹಿಡಿದರು. ಜೋರಾಗಿ ಗಾಳಿ ಊದಿದರೆ ಧೂಳು ಹಾರಿ ಡಬ್ಬಿಗೆ ಬೀಳುತ್ತದೆ ಎಂಬ ಲೆಕ್ಕ.

1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಅಮೆರಿಕದ ಒಬ್ಬಾತ ಇಂಥದೇ ಯಂತ್ರದ ಪ್ರದರ್ಶನ ಕೊಟ್ಟ. ನೋಡಲು ಹೋದವರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಮೂವತ್ತು ವರ್ಷದ ಇಂಜಿನಿಯರ್ ಇದ್ದ. ಸೇತುವೆಗಳ, ಜಾತ್ರೆಯ ದೈತ್ಯ ತೊಟ್ಟಿಲುಗಳ ಕೆಲಸ ಮಾಡಿದವನು. ಯಂತ್ರ ಊದಿದ ಧೂಳಿನಲ್ಲಿ ಒಂದಷ್ಟು ಡಬ್ಬಿಗೆ ಬಿತ್ತು, ಮಿಕ್ಕದ್ದು ಮತ್ತೆ ಇದ್ದಲ್ಲಿಗೇ ಬಂದು ಕೂತಿತು. ಊದುವ ಬದಲು ಹೀರಬಾರದೇಕೆ ಎಂದು ಬೂತ್ ಕೇಳಿದ. ಅದು ಸಾಧ್ಯವೇ ಇಲ್ಲ ಎಂದು ಪ್ರದರ್ಶನಕಾರ ಸಿಡುಕಿದ. ಕೆಲವು ದಿನಗಳ ಮೇಲೆ ಬೂತ್ ವಿಕ್ಟೋರಿಯಾ ಸ್ಟ್ರೀಟಿನ ಹೋಟೆಲೊಂದರಲ್ಲಿ ಕೂತಿದ್ದಾಗ ಎದುರಿನ ಮೆತ್ತನೆ ಕುರ್ಚಿಯ ಬೆನ್ನಿಗೆ ಬಾಯಿಟ್ಟು ಜೋರಾಗಿ ಉಸಿರೆಳೆದ. ಗಂಟಲು ಕಟ್ಟಿ ಕೆಮ್ಮು ಹತ್ತಿತು. ತನ್ನ ಊಹೆ ಸರಿ ಎಂದು ಅವನಿಗೆ ಖಾತ್ರಿಯಾದದ್ದು ಆ ಕೆಮ್ಮಿನಿಂದ. ಅದೇ ವರ್ಷ ಆಗಸ್ಟ್ 30ರಂದು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ.

ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ಸಲ ಕೆಮ್ಮಿದ ಇಂಜಿನಿಯರನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಲಾರಿಯ ಹಾಸು ಗುಡಿಸುತ್ತ ನಲವತ್ತು ವರ್ಷ ಕೆಮ್ಮಿದವರ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಬೂತ್ ಮಾಡಿದ ಯಂತ್ರ ಮನೆಯೊಳಗೆ ಬರುವಂಥದ್ದಾಗಿರಲಿಲ್ಲ. ಕುದುರೆ ಎಳೆಯುವ ಗಾಡಿಯ ಮೇಲೆ ಪೆಟ್ರೋಲ್ ಇಂಜಿನ್ನು, ಪಂಪು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಪೈಪುಗಳನ್ನು ಕಿಟಕಿಯಿಂದ ಒಳಗೆ ಬಿಡುತ್ತಿದ್ದರು. ಜನ ಅದನ್ನು 'ಪಫಿಂಗ್ ಬಿಲ್ಲಿ' ಎಂದು ಕರೆದರು. ಅದರ ಸದ್ದಿಗೆ ಬೀದಿಯ ಜಟಕಾ ಕುದುರೆಗಳು ಬೆದರಿ, ದಾವೆಗಳೂ ಆದವು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಜಮಖಾನೆಯ ಧೂಳನ್ನು ಬೂತನ ಯಂತ್ರವೇ ಹೀರಿತು. ಆಮೇಲೆ ಅರಮನೆಗಳಿಂದಲೇ ಕರೆ ಬಂತು. ಶ್ರೀಮಂತರ ಹೆಂಗಸರು ಧೂಳು ಹೋಗುವುದನ್ನು ನೋಡಲೆಂದೇ ಗೆಳತಿಯರನ್ನು ಚಹಾಕ್ಕೆ ಕರೆಯುತ್ತಿದ್ದರಂತೆ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಇರಿಸಿದ್ದ ನೌಕಾದಳದವರಿಗೆ ಜ್ವರ ಹಬ್ಬಿತು. ಬೂತನ ಯಂತ್ರಗಳು ಆ ಕಟ್ಟಡದಿಂದ 26 ಟನ್ ಧೂಳು ತೆಗೆದವು ಎನ್ನುತ್ತಾರೆ. ಅಪ್ಪನ ಲೆಕ್ಕದಲ್ಲಿ ಹೇಳುವುದಾದರೆ ಮೂರು ಲೋಡು.

ಆದರೂ ಇದು ದೊರೆಗಳ ಯಂತ್ರ. ಮಂಜನ ಯಂತ್ರದ ಮುತ್ತಜ್ಜ ಹುಟ್ಟಿದ್ದು ಬೇರೆ ಕಡೆ, ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಅಲ್ಲಿ ದೊಡ್ಡ ಅಂಗಡಿಯೊಂದರ ಕಸ ಗುಡಿಸುವ ಕೆಲಸಕ್ಕೆ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತನಿದ್ದ. ವಯಸ್ಸು ಐವತ್ತು ದಾಟಿತ್ತು. ಹಿಂದೆ ಮಾಡಿದ ಒಂದೆರಡು ಯಂತ್ರೋಪಕರಣಗಳು ಕೈ ಹಿಡಿದಿರಲಿಲ್ಲ. ಮೇಲಾಗಿ ಆಸ್ತಮಾ. ಗುಡಿಸಿದಾಗ ಏಳುವ ಧೂಳಿಗೆ ಉಸಿರು ಹತ್ತುತ್ತಿರಲಿಲ್ಲ. 1907ರಲ್ಲಿ ಅವನು ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಒಂದು ಯಂತ್ರ ಕಟ್ಟಿದ. ಮೋಟಾರು ಧೂಳು ಹೀರಿ ಹಿಂದಕ್ಕೆ ಬಿಟ್ಟರೆ ದಿಂಬಿನ ಚೀಲ ಗಾಳಿಯನ್ನು ಹೊರಗೆ ಬಿಟ್ಟು ಧೂಳನ್ನು ಹಿಡಿದುಕೊಳ್ಳುತ್ತಿತ್ತು. 1908ರ ಜೂನ್ 2ಕ್ಕೆ ಹಕ್ಕುಪತ್ರ ಸಿಕ್ಕಿತು. ಗುಡಿಸುವವನೇ, ತನ್ನ ಉಸಿರಿಗಾಗಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಮಾಡಿದ ಯಂತ್ರ ಅದು. ಕಡಿಮೆ ಖರ್ಚಿನ ವ್ಯಾಕ್ಯೂಮ್ ಎಂದರೆ ನನ್ನ ಪ್ರಕಾರ ಅದೇ ಮೊದಲನೆಯದು.

ಮಾಡಿದ್ದನ್ನು ಮಾರುವಷ್ಟು ಹಣ ಸ್ಪ್ಯಾಂಗ್ಲರ್‌ಗೆ ಇರಲಿಲ್ಲ. ಅವನ ಸಂಬಂಧಿ ಸೂಸನ್ ಹೂವರ್ ಯಂತ್ರ ಬಳಸಿ ನೋಡಿ ಮೆಚ್ಚಿ ಗಂಡನಿಗೆ ಹೇಳಿದಳು. ಗಂಡ ವಿಲಿಯಂ ಹೂವರ್ ತೊಗಲಿನ ವ್ಯಾಪಾರಿ. ಕುದುರೆಯ ಜೀನು, ಲಗಾಮು, ಗಾಡಿಯ ಪಟ್ಟಿಗಳನ್ನು ಮಾಡಿಸುತ್ತಿದ್ದ. ಬೀದಿಗೆ ಮೋಟಾರು ಕಾರುಗಳು ಬರತೊಡಗಿದ್ದವು, ಜೀನಿಗೆ ಮುಂದೆ ಕಾಲವಿಲ್ಲ ಎಂಬ ಚಿಂತೆ ಅವನಿಗಿತ್ತು. ಸ್ಪ್ಯಾಂಗ್ಲರನ ಹಕ್ಕುಪತ್ರ ಕೊಂಡ. ತೊಗಲಿನ ಕಾರ್ಖಾನೆಯ ಒಂದು ಮೂಲೆಯಲ್ಲೇ ವ್ಯಾಕ್ಯೂಮ್ ಕ್ಲೀನರ್ ತಯಾರಿಕೆ ಶುರುವಾಯಿತು. ಅಂದರೆ ಕಾರು ಕುದುರೆಯನ್ನು ಓಡಿಸಿತು, ಕುದುರೆಯನ್ನು ನಂಬಿದವನು ಧೂಳು ಹೀರುವ ಯಂತ್ರಕ್ಕೆ ಬಂದ, ಆ ಯಂತ್ರ ಇವತ್ತು ಕಾರಿನ ಧೂಳು ತೆಗೆದು ಒಬ್ಬನ ಹೊಟ್ಟೆ ಹೊರೆಯಬೇಕಾಗಿದೆ. ಕಾರು ಕಳೆದುಕೊಂಡ ಮಂಜನಿಗೆ ಈ ಕಥೆ ಹೇಳಿದೆ. "ಹಂಗಾದ್ರೆ ನಾನು ಹೂವರ್ ವಂಶದೋನು ಅನ್ನಿ ಮಾವ" ಎಂದು ನಕ್ಕ. ಕಾರು ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೂವರ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹತ್ತು ದಿನ ಮನೆಯಲ್ಲಿ ಪುಕ್ಕಟೆ ಬಳಸಿ ನೋಡಿ ಎಂದ. ಆಮೇಲೆ ಮನೆಮನೆಗೆ ಹೋಗಿ ಮಾರುವವರ ಪಡೆಯೇ ತಯಾರಾಯಿತು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 1921ರಲ್ಲಿ ನೆಲದ ಮೇಲೆ ಜಾರುವ ಉರುಳೆಯಾಕಾರದ ಯಂತ್ರ ತಂದು ಇದೇ ದಾರಿ ಹಿಡಿಯಿತು. ಆ ದಾರಿ ಭಾರತಕ್ಕೆ ಬಂದದ್ದು 1982ರಲ್ಲಿ, ಎಲೆಕ್ಟ್ರೋಲಕ್ಸ್ ಜೊತೆಗೂಡಿ ಯುರೇಕಾ ಫೋರ್ಬ್ಸ್ ಹುಟ್ಟಿದಾಗ. ಟೈ ಕಟ್ಟಿ, ಚೀಲ ಹೊತ್ತು, ಬಿಸಿಲಲ್ಲಿ ಬೆಲ್ ಒತ್ತುವ ಹುಡುಗರನ್ನು ನಮ್ಮ ಪಟ್ಟಣಗಳು ಕಂಡದ್ದು ಆಗ.

ನಮ್ಮ ಮನೆಗೂ ತೊಂಬತ್ತರ ದಶಕದಲ್ಲಿ ಅಂಥ ಒಬ್ಬ ಹುಡುಗ ಬಂದಿದ್ದ. ಹೆಂಡತಿ ಬೇಡವೆಂದರೂ ಒಳಗೆ ಬಂದು, ಅಪ್ಪ ಮಲಗುವ ಹಾಸಿಗೆಗೆ ಯಂತ್ರ ಹಿಡಿದು, ನಳಿಗೆಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ ತೋರಿಸಿದ. ಬೂದಿ ಬಣ್ಣದ ಧೂಳಿನ ಬಿಲ್ಲೆ. ನಮಗೆಲ್ಲ ನಾಚಿಕೆಯಾಯಿತು. ಅಪ್ಪ ಮಾತ್ರ ನಾಚಲಿಲ್ಲ. ಯಂತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದು ಲಾರಿ ಕ್ಯಾಬಿನ್ನಿಗೆ ಆಗುತ್ತೇನಪ್ಪ?" ಎಂದು ಕೇಳಿದರು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಬೆಲೆ ನನ್ನ ಒಂದು ತಿಂಗಳ ಸಂಬಳದ ಮೇಲಿತ್ತು. ನಾವು ಕೊಳ್ಳಲಿಲ್ಲ. ಮಂಜನ ಫೋನು ಬಂದ ಮೇಲೆ ನಾನು ಹುಡುಕಿದ್ದು ಆ ಪ್ರಶ್ನೆಗೇ ಉತ್ತರ ಎಂದು ಈಗ ಅನ್ನಿಸುತ್ತದೆ.

ಉತ್ತರ ಇರುವುದು ಗ್ಯಾರೇಜಿನ ವ್ಯಾಕ್ಯೂಮಿನಲ್ಲಿ. ಮನೆಯ ಯಂತ್ರ ನುಣ್ಣನೆ ಧೂಳಿಗೆ ಹೊಂದಿಸಿದ್ದು. ಬಡಗಿಯ ಹೊಟ್ಟು, ಕಬ್ಬಿಣದ ಚೂರು, ಚೆಲ್ಲಿದ ನೀರು ಅದಕ್ಕೆ ಆಗದು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೆಗೊಂದು ಕಾರು, ಕಾರಿಗೊಂದು ಶೆಡ್ಡು ಬಂದಾಗ ಒರಟು ಕೆಲಸದ ಯಂತ್ರಕ್ಕೆ ಗಿರಾಕಿಗಳು ಹುಟ್ಟಿದರು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನ ಷಾಪ್-ವ್ಯಾಕ್ ಕಂಪನಿಯ ಹೆಸರೇ ಅಲ್ಲಿ ಆ ಜಾತಿಯ ಯಂತ್ರಗಳಿಗೆಲ್ಲ ಹೆಸರಾಯಿತು, ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ. ಆ ಕಂಪನಿ 2020ರಲ್ಲಿ ಬಾಗಿಲು ಹಾಕಿ ಚೀನಾದವರ ಪಾಲಾಯಿತು. ಯಂತ್ರದ ಅಚ್ಚು ಮಾತ್ರ ಲೋಕದ ತುಂಬ ಉಳಿದಿದೆ.

ಅದರ ರಚನೆ ಸರಳ. ಕೆಳಗೊಂದು ಡ್ರಮ್ಮು, ಮೇಲೆ ಮುಚ್ಚಳದಲ್ಲಿ ಮೋಟಾರು. ಡ್ರಮ್ಮಿನ ಗಾಳಿಯನ್ನು ಫ್ಯಾನು ಹೊರಹಾಕುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಪೈಪಿನಿಂದ ನುಗ್ಗುವಾಗ ಕಸವನ್ನೂ ತರುತ್ತದೆ. ವಿಶಾಲವಾದ ಡ್ರಮ್ಮಿಗೆ ಬಂದ ಕೂಡಲೇ ಗಾಳಿಯ ವೇಗ ಬಿದ್ದುಹೋಗಿ ಭಾರದ ಮಣ್ಣು, ನೀರು ತಳಕ್ಕೆ ಇಳಿಯುತ್ತದೆ, ಹಗುರ ಧೂಳು ಮಾತ್ರ ಫಿಲ್ಟರಿನವರೆಗೆ ಹೋಗುತ್ತದೆ. ನೀರು ತುಂಬಿದರೆ ಒಂದು ತೇಲುವ ಚೆಂಡು ಮೇಲೇರಿ ದಾರಿ ಮುಚ್ಚುತ್ತದೆ, ಮೋಟಾರಿಗೆ ನೀರು ತಾಗುವುದಿಲ್ಲ. ಮೋಟಾರನ್ನು ತಂಪು ಮಾಡುವ ಗಾಳಿಗೆ ಬೇರೆಯೇ ದಾರಿ. ಕಾರಿನ ಮ್ಯಾಟು ಮಳೆಗಾಲದಲ್ಲಿ ಕೆಸರಾಗಿರುತ್ತದೆ, ಮಗು ಹಾಲು ಚೆಲ್ಲಿರುತ್ತದೆ. ಹಾಗಾಗಿ ಒದ್ದೆ-ಒಣ ಎರಡಕ್ಕೂ ಆಗುವ ಯಂತ್ರವೇ ಬೇಕು. ಇಷ್ಟು ತೀರ್ಮಾನವಾಯಿತು. ಕಾರಿನ ಲೈಟರ್ ತೂತಿಗೆ ಸಿಕ್ಕಿಸುವ ಸಣ್ಣ ಯಂತ್ರವನ್ನು ಮೊದಲೇ ಬಿಟ್ಟೆವು. ಹನ್ನೆರಡು ವೋಲ್ಟು, ಹತ್ತು ಆಂಪಿಯರಿನ ಫ್ಯೂಸು ಎಂದರೆ 120 ವ್ಯಾಟು. ಅದು ಬಿಸ್ಕತ್ತಿನ ಪುಡಿಗೆ ಸರಿ, ದಿನಕ್ಕೆ ನಾಲ್ಕು ಕಾರಿಗಲ್ಲ.

ಮುಂದೆ ಸಿಕ್ಕಿದ್ದು ಪೆಟ್ಟಿಗೆಯ ಮೇಲಿನ ಸುಳ್ಳು. ಚರಿತ್ರೆ ಓದುವವನಿಗೆ ಇದು ಪರಿಚಿತ. ಶಾಸನದಲ್ಲಿ ರಾಜ ತನ್ನನ್ನು ಚತುಸ್ಸಮುದ್ರಾಧಿಪತಿ ಎಂದು ಕರೆದುಕೊಂಡಿರುತ್ತಾನೆ, ಹುಡುಕಿದರೆ ಎರಡು ಹೋಬಳಿಯ ಒಡೆತನ. ಅಮೆರಿಕದ ಯಂತ್ರಗಳ ಮೇಲೆ ಆರು ಹಾರ್ಸ್‌ಪವರ್ ಎಂದು ಬರೆದಿರುತ್ತದೆ. ಒಂದು ಹಾರ್ಸ್‌ಪವರ್ 746 ವ್ಯಾಟು. ಅಲ್ಲಿನ ಮನೆಯ ಸಾಕೆಟ್ಟು 120 ವೋಲ್ಟು, 15 ಆಂಪಿಯರು, ಅಂದರೆ ಹೆಚ್ಚೆಂದರೆ 1800 ವ್ಯಾಟು, ಎರಡೂವರೆ ಹಾರ್ಸ್‌ಪವರಿಗೂ ಕಮ್ಮಿ. ಮಿಕ್ಕ ಕುದುರೆಗಳು ಪೆಟ್ಟಿಗೆಯ ಮೇಲೆ ಮಾತ್ರ ಓಡುತ್ತವೆ. ನಮ್ಮಲ್ಲಿ ಹಾರ್ಸ್‌ಪವರ್ ಬದಲು ವ್ಯಾಟಿನ ಜಂಬ. ವ್ಯಾಟು ಹೇಳುವುದು ಯಂತ್ರ ಎಷ್ಟು ಕರೆಂಟು ತಿನ್ನುತ್ತದೆ ಎಂದು. ಎಷ್ಟು ದುಡಿಯುತ್ತದೆ ಎಂದಲ್ಲ. ಯೂರೋಪಿನವರು 2014ರಲ್ಲಿ ಮನೆಬಳಕೆಯ ವ್ಯಾಕ್ಯೂಮುಗಳಿಗೆ 1600 ವ್ಯಾಟಿನ ಮಿತಿ ಹಾಕಿ, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಮನೆಗಳೇನೂ ಧೂಳಿನಲ್ಲಿ ಮುಚ್ಚಿಹೋಗಲಿಲ್ಲ. ಒದ್ದೆ-ಒಣ ಯಂತ್ರಗಳನ್ನು ಆ ಕಾನೂನಿನಿಂದ ಹೊರಗಿಟ್ಟರು, ಅಲ್ಲಿ ಜಂಬ ಮುಂದುವರಿಯಿತು.

ನೋಡಬೇಕಾದದ್ದು ಎರಡು. ಯಂತ್ರ ಎಷ್ಟು ಬಲವಾಗಿ ಹೀರುತ್ತದೆ, ಎಷ್ಟು ಗಾಳಿ ಸಾಗಿಸುತ್ತದೆ. ಹೀರುವ ಬಲವನ್ನು ನೀರನ್ನು ಎಷ್ಟು ಎತ್ತರ ಏರಿಸುತ್ತದೆ ಎಂದು ಅಳೆಯುತ್ತಾರೆ. ನಮ್ಮ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ವ್ಯಾಕ್ಯೂಮಿಗೆ 'ನಿರ್ವಾತ' ಎಂಬ ಚಂದದ ಪದವಿತ್ತು. ಪೂರ್ತಿ ನಿರ್ವಾತವಾದರೆ ನೀರು ಸುಮಾರು ಹತ್ತು ಮೀಟರ್ ಏರುತ್ತದೆ. ಈ ಡ್ರಮ್ಮಿನ ಯಂತ್ರಗಳು ಒಂದೂವರೆಯಿಂದ ಎರಡು ಮೀಟರ್ ಏರಿಸುತ್ತವೆ, ಅಷ್ಟೇ. ಇದನ್ನು ಮಂಜನಿಗೆ ಹೇಳಿದಾಗ ಅವನು, "ಮೀಟರ್ ಯಾಕೆ ಮಾವ, ಗಾರೆಯೋರ ಲೆವೆಲ್ ಪೈಪ್ ಇದ್ರೆ ನಾವೇ ನೋಡಬಹುದಲ್ಲ" ಎಂದ. ಮನೆಯ ಮಟ್ಟ ನೋಡಲು ಗಾರೆ ಕೆಲಸದವರು ನೀರು ತುಂಬಿ ಹಿಡಿಯುವ ಗಾಜಿನಂಥ ಪ್ಲಾಸ್ಟಿಕ್ ಪೈಪು. ನನ್ನ ಮೂವತ್ತು ವರ್ಷದ ಮೇಷ್ಟ್ರುಗಿರಿಗೆ ಅದು ಹೊಳೆದಿರಲಿಲ್ಲ.

ಶನಿವಾರ ನಾನೂ ರೈಲು ಹತ್ತಿ ಹೋದೆ. ಇಬ್ಬರೂ ಎಸ್.ಪಿ. ರೋಡಿಗೆ ಹೋದೆವು. ಎರಡು ಅಂಗಡಿಯವರು ಪೈಪು ನೋಡಿಯೇ ಕೈ ಮುಗಿದರು. ಮೂರನೆಯ ಅಂಗಡಿಯ ಯಜಮಾನರು, ವಯಸ್ಸಾದವರು, "ಏನ್ ಸಾರ್ ಇದು, ಮದುವೆ ಗಂಡು ನೋಡೋ ಹಂಗೆ ನೋಡ್ತೀರಲ್ಲ" ಎಂದು ಬೈದರೂ ತೋರಿಸಲು ಇಟ್ಟಿದ್ದ ಎರಡು ಯಂತ್ರಗಳನ್ನು ಹೊರಗೆ ಎಳೆದರು. ಒಂದು 1200 ವ್ಯಾಟಿನದು, ಇನ್ನೊಂದು 1600. ಲೆವೆಲ್ ಪೈಪಿನ ಒಂದು ತುದಿ ನೆಲದ ಬಕೆಟ್ಟಿನಲ್ಲಿ, ಇನ್ನೊಂದು ತುದಿಯನ್ನು ಯಂತ್ರದ ನಳಿಗೆಗೆ ಟೇಪ್ ಸುತ್ತಿ ಗಾಳಿ ಸೋರದಂತೆ ಬಿಗಿದೆವು. ಮಂಜ ಸ್ಟೂಲ್ ಹತ್ತಿ ಪೈಪು ಎತ್ತಿ ಹಿಡಿದ. ಸ್ವಿಚ್ ಹಾಕಿದ ತಕ್ಷಣ ನೀರು ಸರ್ರನೆ ಏರಿ ನಿಂತಿತು. 1600 ವ್ಯಾಟಿನದು ಐದಡಿಗೆ ಒಂದಿಂಚು ಕಮ್ಮಿ. 1200ರದ್ದು ಐದೂವರೆ ಅಡಿ. ಮತ್ತೊಮ್ಮೆ ಮಾಡಿದೆವು, ಹಾಗೇ. ದೊಡ್ಡ ಯಂತ್ರದ ಮುಚ್ಚಳದ ರಬ್ಬರು ಸರಿಯಾಗಿ ಕೂರುತ್ತಿರಲಿಲ್ಲ, ಕೈ ಹಿಡಿದರೆ ಗಾಳಿ ಎಳೆಯುವುದು ಗೊತ್ತಾಗುತ್ತಿತ್ತು. ಆಮೇಲೆ ಮಂಜ ತಂದಿದ್ದ ಹಳೇ ಕಾರ್ ಮ್ಯಾಟಿಗೆ ಒಂದು ಹಿಡಿ ಕೆಮ್ಮಣ್ಣು ಉಜ್ಜಿ ಎರಡನ್ನೂ ಹಿಡಿದು ನೋಡಿದ. ಯಜಮಾನರು ಕುರ್ಚಿ ಬಿಟ್ಟು ಎದ್ದು ಬಂದು, "ನಲವತ್ತು ವರ್ಷದಿಂದ ಮಾರ್ತಿದೀನಿ, ಹಿಂಗೆ ನೋಡಿರ್ಲಿಲ್ಲ" ಎಂದರು.

ಚಿಕ್ಕದನ್ನು ಆರಿಸಲು ಇನ್ನೊಂದು ಕಾರಣವಿತ್ತು. ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ಸಿಗುವುದು ಆರು ಆಂಪಿಯರಿನ ಸಾಕೆಟ್ಟು. 230 ವೋಲ್ಟಿಗೆ 1200 ವ್ಯಾಟು ಎಂದರೆ ಐದು ಆಂಪಿಯರು ಚಿಲ್ಲರೆ, ತಡೆಯುತ್ತದೆ. 1600 ವ್ಯಾಟು ಏಳು ಆಂಪಿಯರು, ದಿನಾ ಓಡಿಸಿದರೆ ಪ್ಲಗ್ಗು ಕರಗುತ್ತದೆ, ವಾಚ್‌ಮನ್ ಜೊತೆ ಜಗಳ ಬೇರೆ. ಯಂತ್ರದಲ್ಲಿ ಉಳಿಸಿದ್ದನ್ನು ನಾವು ವೈರಿಗೆ ಹಾಕಿದೆವು. ಲೆಕ್ಕ ಹೀಗಾಯಿತು: ಯಂತ್ರ 5,200, ದಪ್ಪ ತಾಮ್ರದ, ಅರ್ತ್ ಇರುವ ಉದ್ದನೆ ಎಕ್ಸ್‌ಟೆನ್ಷನ್ 1,100, ಧೂಳಿನ ಬ್ಯಾಗುಗಳು 450, ಮಾಸ್ಕು 350, ಬ್ರಷ್ಷು, ಬಟ್ಟೆ, ಬಕೆಟ್ಟು 900. ಸರಿಯಾಗಿ ಎಂಟು ಸಾವಿರ. ಊಟಕ್ಕೆ ನಾನು ಕೊಟ್ಟೆ.

ಮಾಸ್ಕಿನ ವಿಷಯದಲ್ಲಿ ಮಂಜ ಗೊಣಗಿದ್ದ. "ಯಂತ್ರಾನೇ ಕುಡಿಯುತ್ತಲ್ಲ ಮಾವ, ಮತ್ತೆ ಮಾಸ್ಕ್ ಯಾಕೆ?" ಭಾನುವಾರ ಬೆಳಿಗ್ಗೆ ಅವನ ಮೊದಲ ಕಾರು ನೋಡಲು ನಾನೂ ಹೋಗಿದ್ದೆ. ಸೀಟಿನ ಸಂದಿಗೆ ಚಪ್ಪಟೆ ನಳಿಗೆ ಹಾಕಿದ, ಮ್ಯಾಟು ಹೊರಗೆ ಹಾಸಿ ಬ್ರಷ್ಷಿನಲ್ಲಿ ತಟ್ಟಿ ಹೀರಿದ. ಮುಕ್ಕಾಲು ಗಂಟೆಗೆ ಕಾರು ಒಳಗೆ ಕಪ್ಪಗೆ ಹೊಳೆಯಿತು. ಯಜಮಾನರು ನೋಡಿ ತಲೆಯಾಡಿಸಿದರು. ಮೊದಲ ದಿನ ಬ್ಯಾಗ್ ಯಾಕೆ ಹಾಳು ಮಾಡುವುದು ಎಂದು ಅವನು ಹಾಕಿರಲಿಲ್ಲ. ಕಾಂಪೌಂಡಿನ ಮೂಲೆಗೆ ಹೋಗಿ ಡ್ರಮ್ಮು ಬೋರಲು ಹಾಕಿದ. ಮುಖದೆತ್ತರ ಕೆಂಧೂಳು ಎದ್ದಿತು. ಬಗ್ಗಿ ನಿಂತು ಕೆಮ್ಮಿದ, ಕೆಮ್ಮಿದ, ಕಣ್ಣಲ್ಲಿ ನೀರು. ಆ ಬಗ್ಗಿದ ಬೆನ್ನು, ಮೊಣಕಾಲಿನ ಮೇಲೆ ಊರಿದ ಕೈ ಥೇಟ್ ಅಪ್ಪನದೇ. ನನಗೆ ಕೈಕಾಲು ಆಡಲಿಲ್ಲ.

ಯಂತ್ರ ಧೂಳನ್ನು ನಾಶ ಮಾಡುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಎಂದು ಆಗ ಕಂಡಿತು. ಅಬ್ಬೆಯಿಂದ ಬೀದಿಗೆ, ಜಮಖಾನೆಯಿಂದ ದಿಂಬಿನ ಚೀಲಕ್ಕೆ, ಯಲಹಂಕದ ಕಾರಿನಿಂದ ಡ್ರಮ್ಮಿಗೆ. ಡ್ರಮ್ಮಿನಿಂದ ಎಲ್ಲಿಗೆ ಎಂದು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಖಾಲಿ ಮಾಡುವವನ ಮುಖ ಅಲ್ಲೇ ಇರುತ್ತದೆ. ಕಣ್ಣಿಗೆ ಕಾಣದ ಧೂಳೇ ಎದೆಗೆ ಇಳಿಯುವುದು. ಅದನ್ನು ಹಿಡಿಯಲು ನಲವತ್ತರ ದಶಕದಲ್ಲಿ ಅಣುಬಾಂಬಿನ ಯೋಜನೆಯವರು ಮಾಡಿದ ದುಬಾರಿ ಫಿಲ್ಟರು ಈಗ ಹೆಪಾ ಎಂಬ ಹೆಸರಲ್ಲಿ ಸಿಗುತ್ತದೆ. ನಮ್ಮ ಎಂಟು ಸಾವಿರದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಸಂಜೆ ಇದನ್ನು ತಂಗಿಗೆ ಹೇಳುತ್ತಿದ್ದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದವಳು ತಲೆಯೆತ್ತದೆ, "ನೀರು ಚಿಮುಕಿಸದೆ ಯಾರಾದ್ರೂ ಧೂಳು ಮುಟ್ತಾರೇನೋ ಮಂಜ" ಎಂದಳು. ನಾನು ಪೆಚ್ಚಾದೆ. ನಮ್ಮಜ್ಜಿ, ಅಮ್ಮ, ಇವಳು, ಎಲ್ಲರೂ ಬೆಳಗಿನ ಜಾವ ಅಂಗಳಕ್ಕೆ ನೀರು ಚಿಮುಕಿಸಿಯೇ ಪೊರಕೆ ಹಿಡಿದವರು. ಬೂತ್ ಕುರ್ಚಿಗೆ ಬಾಯಿ ಹಾಕುವುದಕ್ಕೆ ಎಷ್ಟೋ ಮೊದಲೇ ಗೊತ್ತಿದ್ದ ವಿದ್ಯೆ. ಲಾರಿಯ ಹಾಸಿನ ಮೇಲೆ ನೀರು ಹಾಕುವಂತಿರಲಿಲ್ಲ, ಮುಂದಿನ ಲೋಡು ಸಿಮೆಂಟೋ ಹತ್ತಿಯೋ ಇರುತ್ತಿತ್ತು. ಅಪ್ಪನಿಗೆ ಆ ವಿದ್ಯೆ ಉಪಯೋಗಕ್ಕೆ ಬರಲಿಲ್ಲ.

ಈಗ ಮಂಜ ಬ್ಯಾಗ್ ಹಾಕುತ್ತಾನೆ. ಬ್ಯಾಗ್ ಮುಗಿದ ದಿನ ಮುಚ್ಚಳ ತೆಗೆದು ಫಿಲ್ಟರು ಪಕ್ಕಕ್ಕಿಟ್ಟು, ಡ್ರಮ್ಮಿನೊಳಗಿನ ಧೂಳಿಗೆ ಒಂದು ಚೊಂಬು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಸುರಿಯುತ್ತಾನೆ. ಸಂಘದ ಕಂತು ಇನ್ನು ನಾಲ್ಕು ವಾರ ಉಳಿದಿದೆ. ಹನ್ನೆರಡು ಕಾರು ಇಪ್ಪತ್ತೊಂದಾಗಿವೆ. ಮೊನ್ನೆ ಫೋನ್ ಮಾಡಿ, ತುಮಕೂರು ರಸ್ತೆಯ ಲಾರಿ ಸ್ಟ್ಯಾಂಡಿನಲ್ಲಿ ಒಬ್ಬರು ಡ್ರೈವರು ಕ್ಯಾಬಿನ್ ಕ್ಲೀನ್ ಮಾಡ್ತೀಯಾ ಎಂದು ಕೇಳಿದರೆಂದು ಹೇಳಿದ. "ರೇಟು ಎಷ್ಟು ಹೇಳ್ಲಿ ಮಾವ?" ಎಂದ.

ಮೊದಲನೆಯದಕ್ಕೆ ದುಡ್ಡು ತಗೋಬೇಡ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ.